ಮಳೆಗಾಲದಲ್ಲಿ ಬೈಕ್ ಸ್ಟಾರ್ಟ್ ಆಗದಿದ್ದರೆ: ಸಾಮಾನು ಬದಲಿಸುವ ಮೊದಲು ದೋಷ ಹುಡುಕುವ ಬಗೆ

ಜೂನ್ ಬಂತೆಂದರೆ ಮಲೆನಾಡು, ಕರಾವಳಿ ಕಡೆಯ ಗ್ಯಾರೇಜ್‌ಗಳ ಮುಂದೆ ಬೈಕ್‌ಗಳ ಸಾಲು ಬೆಳೆಯುತ್ತದೆ. ಹೆಚ್ಚಿನವರದು ಒಂದೇ ದೂರು: "ನಿನ್ನೆ ಸಂಜೆ ಚೆನ್ನಾಗೇ ಇತ್ತು, ಬೆಳಿಗ್ಗೆ ಸ್ಟಾರ್ಟೇ ಆಗ್ತಿಲ್ಲ." ಇವುಗಳಲ್ಲಿ ಎಷ್ಟೋ ಬೈಕ್‌ಗಳಿಗೆ ಹೊಸ ಸಾಮಾನು ಬೇಕಾಗಿರುವುದೇ ಇಲ್ಲ. ಒಂದು ಪ್ಲಗ್ ಪಾನ (ಸ್ಪ್ಯಾನರ್), ಒಂದು ಸ್ಕ್ರೂ ಡ್ರೈವರ್, ಒಣ ಬಟ್ಟೆ, ಗಾಜಿನ ಬಾಟಲಿ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಮನೆ ಅಂಗಳದಲ್ಲೇ ಕಾರಣ ಹುಡುಕಬಹುದು.

ಪೆಟ್ರೋಲ್ ಎಂಜಿನ್ ಓಡಲು ಮೂರು ಬೇಕು. ಗಾಳಿ ಬೆರೆತ ಪೆಟ್ರೋಲ್ ಒಳಗೆ ಬರಬೇಕು. ಪಿಸ್ಟನ್ ಅದನ್ನು ಚೆನ್ನಾಗಿ ಒತ್ತಬೇಕು. ಸರಿಯಾದ ಹೊತ್ತಿಗೆ ಪ್ಲಗ್‌ನಲ್ಲಿ ಕಿಡಿ ಹಾರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಬೈಕ್ ಸ್ಟಾರ್ಟ್ ಆಗುವುದಿಲ್ಲ. ನಮ್ಮ ಕೆಲಸ ಇಷ್ಟೇ, ಯಾವುದು ಇಲ್ಲ ಅಂತ ಮೊದಲು ಗೊತ್ತು ಮಾಡಿಕೊಳ್ಳುವುದು. "ಪ್ಲಗ್ ಹಾಕಿ ನೋಡೋಣ, ಆಗ್ಲಿಲ್ಲ ಅಂದ್ರೆ ಸಿಡಿಐ ಹಾಕಿ ನೋಡೋಣ" (ಸಿಡಿಐ ಎಂದರೆ ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಡಬ್ಬಿ) ಎನ್ನುವ ದಾರಿ ನನಗೆ ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ದುಡ್ಡು ಹೋಗುತ್ತದೆ, ದೋಷ ಮಾತ್ರ ಅಲ್ಲೇ ಉಳಿಯಬಹುದು. ಇನ್ನೊಂದು ಮಾತು: ಒಂದು ಸಲಕ್ಕೆ ಒಂದನ್ನೇ ಮುಟ್ಟಿ. ಪ್ಲಗ್ ಬದಲಿಸಿ, ಗಾಳಿ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಬಿಚ್ಚಿ, ವೈರ್ ಎಳೆದಾಡಿ, ಆಮೇಲೆ ಸ್ಟಾರ್ಟ್ ಆದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ವಾರ ಅದೇ ತೊಂದರೆ ಬಂದರೆ ಮತ್ತೆ ಮೊದಲಿಂದ ಹುಡುಕಬೇಕಾಗುತ್ತದೆ.

ಇಲ್ಲಿ ಬರೆದಿರುವುದು ಹೆಚ್ಚಾಗಿ 100ರಿಂದ 150 ಸಿಸಿಯ ಕಾರ್ಬೊರೇಟರ್ ಬೈಕ್‌ಗಳ ಬಗ್ಗೆ. ಸ್ಪ್ಲೆಂಡರ್, ಪ್ಯಾಶನ್, ಸ್ಟಾರ್ ಸಿಟಿ, ಹಳೆಯ ಪಲ್ಸರ್ ಇಂಥವು. 2020ರ ಏಪ್ರಿಲ್‌ನಿಂದ ಹೊಗೆ ಮಿತಿಯ ಬಿಎಸ್6 ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕ್‌ಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂತು. ಆದರೆ ನಮ್ಮ ಹಳ್ಳಿ ರಸ್ತೆಗಳಲ್ಲಿ ಓಡುವ ಕಾರ್ಬೊರೇಟರ್ ಬೈಕ್‌ಗಳು ಇನ್ನೂ ಬೇಕಾದಷ್ಟಿವೆ. ಇಂಜೆಕ್ಷನ್ ಬೈಕ್‌ಗಳ ವಿಷಯ ಮುಂದೆ ಬೇರೆಯಾಗಿ ಬರುತ್ತದೆ.

ಮೊದಲ ಎರಡು ನಿಮಿಷ

ಪಾನ ಕೈಗೆ ತೆಗೆದುಕೊಳ್ಳುವ ಮೊದಲು ಬೈಕ್ ಸುತ್ತ ಒಮ್ಮೆ ಕಣ್ಣಾಡಿಸಿ. ಹ್ಯಾಂಡಲ್ ಬಲಗಡೆ ಎಂಜಿನ್ ಕಿಲ್ ಸ್ವಿಚ್ ಇದ್ದರೆ ಅದು ಆನ್‌ನಲ್ಲಿದೆಯಾ? ರೈನ್‌ಕೋಟ್ ಒಣಗಲೆಂದು ಹ್ಯಾಂಡಲ್ ಮೇಲೆ ಹಾಕುವಾಗ, ತೆಗೆಯುವಾಗ, ಮಕ್ಕಳು ಆಟ ಆಡುವಾಗ ಅದು ಆಫ್ ಆಗುವುದುಂಟು. ಪೆಟ್ರೋಲ್ ಕಾಕ್ (ಟ್ಯಾಂಕ್ ಕೆಳಗಿನ ನಲ್ಲಿ) ಆಫ್‌ನಲ್ಲಿಲ್ಲ ತಾನೇ? ಟ್ಯಾಂಕ್‌ನಲ್ಲಿ ಪೆಟ್ರೋಲ್ ಇದೆಯಾ? ಮೀಟರ್ ಮುಳ್ಳನ್ನು ನಂಬಬೇಡಿ. ಮುಚ್ಚಳ ತೆಗೆದು ಬೈಕನ್ನು ಅಲ್ಲಾಡಿಸಿ ಕಣ್ಣಾರೆ ನೋಡಿ. ಸೈಡ್ ಸ್ಟ್ಯಾಂಡ್ ಹಾಕಿದರೆ ಎಂಜಿನ್ ಓಡದಂತೆ ತಡೆಯುವ ಸ್ವಿಚ್ ಈಗ ಬಹಳ ಬೈಕ್‌ಗಳಲ್ಲಿದೆ. ಕೆಸರು ಮೆತ್ತಿಕೊಂಡರೆ ಸ್ಟ್ಯಾಂಡ್ ಮೇಲೆ ಎತ್ತಿದರೂ ಅದು ಬಿಡುವುದಿಲ್ಲ. ಕೊನೆಯದಾಗಿ ಪ್ಲಗ್ ಕ್ಯಾಪ್ ಕೈಯಿಂದ ಒತ್ತಿ ನೋಡಿ. ಸಡಿಲವಾಗಿದ್ದರೆ ಟಕ್ ಎಂದು ಕೂರುತ್ತದೆ.

ಕೊಟ್ಟಿಗೆಯಲ್ಲೋ ಅಡಿಕೆ ಶೆಡ್‌ನಲ್ಲೋ ನಿಲ್ಲಿಸುವ ಬೈಕ್ ಆದರೆ ಇಲಿ ವೈರ್ ಕಡಿದಿದೆಯಾ ಅಂತಲೂ ನೋಡಿ. ಸೀಟ್ ಎತ್ತಿದರೆ ಅದರ ಗುರುತು ಸಿಕ್ಕೇ ಸಿಗುತ್ತದೆ.

ಕೀ ಆನ್ ಮಾಡಿದಾಗ

ಕೀ ತಿರುಗಿಸಿ, ನ್ಯೂಟ್ರಲ್‌ನಲ್ಲಿ ಹಸಿರು ದೀಪ ಬರುತ್ತದಾ ನೋಡಿ. ಏನೂ ಬರದಿದ್ದರೆ ಬ್ಯಾಟರಿ ಪೂರ್ತಿ ಡೌನ್ ಆಗಿರಬೇಕು, ಫ್ಯೂಸ್ ಹೋಗಿರಬೇಕು, ಬ್ಯಾಟರಿ ಟರ್ಮಿನಲ್ ಸಡಿಲವಾಗಿರಬೇಕು ಅಥವಾ ಕೀ ಲಾಕ್‌ನ ವೈರ್ ತುಂಡಾಗಿರಬೇಕು. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರ್‌ನ ಹೊಸದನ್ನು ಹಾಕಿ. ದಪ್ಪ ತಂತಿ ಸುತ್ತಿ ಕೆಲಸ ಸಾಗಿಸುವುದು ಬೇಡವೇ ಬೇಡ, ಮುಂದಿನ ಸಲ ಫ್ಯೂಸ್ ಬದಲು ವೈರಿಂಗ್ ಸುಡುತ್ತದೆ. ಹೊಸ ಫ್ಯೂಸ್ ಹಾಕಿದ ಕೂಡಲೇ ಅದೂ ಹೋದರೆ ಎಲ್ಲೋ ಒಂದು ವೈರ್ ಬಾಡಿಗೆ ತಾಗುತ್ತಿದೆ ಎಂದರ್ಥ.

ಹಳೆಯ ಬೈಕ್‌ಗಳಲ್ಲಿ ಒಂದು ಜಾಗವನ್ನು ಮರೆಯದೆ ನೋಡಬೇಕು. ಕೀ ಲಾಕ್‌ನಿಂದ ಬರುವ ವೈರ್‌ಗಳು ಹ್ಯಾಂಡಲ್ ಬುಡದಲ್ಲಿ ಬಾಗುತ್ತವೆ. ವರ್ಷಗಟ್ಟಲೆ ಅತ್ತಿತ್ತ ತಿರುಗಿಸಿ, ಮೇಲಿನ ಪ್ಲಾಸ್ಟಿಕ್ ಸರಿಯಿದ್ದರೂ ಒಳಗಿನ ತಾಮ್ರ ತುಂಡಾಗಿರುತ್ತದೆ. ಕೀ ಆನ್ ಇಟ್ಟು ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ನಿಧಾನವಾಗಿ ತಿರುಗಿಸಿ. ಹಸಿರು ದೀಪ ಮಿಣುಕಿದರೆ ಕಳ್ಳ ಅಲ್ಲೇ ಇದ್ದಾನೆ.

ದೀಪ ಬರುತ್ತದೆ, ಸೆಲ್ಫ್ ಮಾತ್ರ ತಿರುಗುವುದಿಲ್ಲ ಎಂದಾದರೆ ಕಿವಿಗೊಟ್ಟು ಕೇಳಿ. ಬಟನ್ ಒತ್ತಿದಾಗ "ಟಕ ಟಕ ಟಕ" ಎಂದು ಸದ್ದು ಬಂದು ದೀಪ ಮಂಕಾದರೆ ಬ್ಯಾಟರಿಯಲ್ಲಿ ಶಕ್ತಿಯಿಲ್ಲ ಅಥವಾ ಟರ್ಮಿನಲ್ ಗ್ರಿಪ್ ಇಲ್ಲ. ಒಂದೇ ಸಲ "ಟಕ್" ಎಂದು ಸುಮ್ಮನಾದರೆ ಸ್ಟಾರ್ಟರ್ ರಿಲೇ, ಸೆಲ್ಫ್ ಮೋಟರ್, ಬ್ಯಾಟರಿ ಮೂರರ ಮೇಲೂ ಅನುಮಾನ ಇರಲಿ. ಸದ್ದೇ ಇಲ್ಲ, ದೀಪವೂ ಮಂಕಾಗುವುದಿಲ್ಲ ಎಂದರೆ ಕರೆಂಟ್ ರಿಲೇವರೆಗೂ ಹೋಗುತ್ತಿಲ್ಲ. ಆಗ ಸೆಲ್ಫ್ ಬಟನ್, ಕ್ಲಚ್ ಸ್ವಿಚ್, ನ್ಯೂಟ್ರಲ್ ಸ್ವಿಚ್ ನೋಡಬೇಕು. ಮೋಟರ್ "ಗರ್ರ್" ಎಂದು ಸುತ್ತುತ್ತದೆ, ಎಂಜಿನ್ ತಿರುಗುವುದಿಲ್ಲ ಎಂದರೆ ದೋಷ ಒಳಗಿನ ಸ್ಟಾರ್ಟರ್ ಕ್ಲಚ್‌ನಲ್ಲಿದೆ. ಅದು ಗ್ಯಾರೇಜ್ ಕೆಲಸ, ಅಲ್ಲಿಯತನಕ ಕಿಕ್ಕರ್ ಇದ್ದರೆ ಅದರಲ್ಲೇ ಓಡಿಸಬಹುದು.

"ಹಾರ್ನ್ ಜೋರಾಗೇ ಹೊಡೀತಿದೆ, ಬ್ಯಾಟರಿ ಸರಿ ಇದೆ" ಎಂದು ಹೇಳುವವರು ತುಂಬ ಜನ. ಹಾರ್ನ್‌ಗೆ ಬೇಕಾಗುವುದು ಕೆಲವೇ ಆಂಪಿಯರ್. ಸೆಲ್ಫ್ ಮೋಟರ್ ಅದರ ಹತ್ತಾರು ಪಟ್ಟು ಎಳೆಯುತ್ತದೆ. ಹಾಗಾಗಿ ಹಾರ್ನ್ ಹೊಡೆಯಿತೆಂದು ಬ್ಯಾಟರಿಯನ್ನು ನಂಬುವ ಹಾಗಿಲ್ಲ. ಒಂದು ಅಗ್ಗದ ಮಲ್ಟಿಮೀಟರ್ ಮನೆಯಲ್ಲಿಟ್ಟುಕೊಳ್ಳಿ. ಬೈಕ್ ನಿಲ್ಲಿಸಿ ಕೆಲವು ಗಂಟೆ ಆದ ಮೇಲೆ ಬ್ಯಾಟರಿ ತುದಿಗಳಲ್ಲಿ 12.6 ವೋಲ್ಟ್ ಅಥವಾ ಜಾಸ್ತಿ ಇದ್ದರೆ ತುಂಬಿದೆ. 12ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಲೇಬೇಕು. ಸೆಲ್ಫ್ ಒತ್ತಿದಾಗ 10ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಸೋತಿದೆ. ಹೇಗೋ ಸ್ಟಾರ್ಟ್ ಆದ ಮೇಲೆ ಆಕ್ಸಿಲರೇಟರ್ ಸ್ವಲ್ಪ ಕೊಟ್ಟು ಅಳೆದರೆ 13.5ರಿಂದ 14.5ರ ಒಳಗೆ ತೋರಿಸಬೇಕು. ತೋರಿಸದಿದ್ದರೆ ಚಾರ್ಜಿಂಗ್‌ನಲ್ಲೇ ತೊಂದರೆ, ಹೊಸ ಬ್ಯಾಟರಿ ಹಾಕಿದರೂ ಕೆಲವೇ ದಿನದಲ್ಲಿ ಅದೂ ಡೌನ್.

ಸೆಲ್ಫನ್ನು ಒಂದೇ ಸಮನೆ ಒತ್ತಿ ಹಿಡಿಯಬೇಡಿ. 5 ಸೆಕೆಂಡ್ ಒತ್ತಿ, ಸ್ವಲ್ಪ ಬಿಟ್ಟು, ಮತ್ತೆ ಒತ್ತಿ. ಎರಡು ಮೂರು ಸಲಕ್ಕೆ ಆಗಲಿಲ್ಲವಾದರೆ ಹತ್ತನೇ ಸಲಕ್ಕೂ ಆಗುವುದು ಕಷ್ಟ. ಅಷ್ಟರಲ್ಲಿ ಇದ್ದ ಬ್ಯಾಟರಿಯೂ ಖಾಲಿ.

ಕಿಡಿ ಬರುತ್ತಿದೆಯಾ

ಎಂಜಿನ್ ತಿರುಗುತ್ತದೆ, ಹಿಡಿಯುವುದಿಲ್ಲ ಎಂದಾದರೆ ಮೊದಲು ಕಿಡಿ ನೋಡಿ. ಗ್ಯಾರೇಜ್‌ನವರು ಇದನ್ನೇ "ಕರೆಂಟ್ ಬರ್ತಿದೆಯಾ" ಎಂದು ಕೇಳುವುದು. ಮಳೆಗಾಲದಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ.

ಪ್ಲಗ್ ಸುತ್ತಲಿನ ಕೆಸರು, ಮರಳನ್ನು ಊದಿ ಒರೆಸಿದ ಮೇಲೇ ಪ್ಲಗ್ ಬಿಚ್ಚಿ. ಇಲ್ಲದಿದ್ದರೆ ಅದೆಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ. ಬಿಚ್ಚಿದ ಪ್ಲಗ್ಗನ್ನು ಮತ್ತೆ ಕ್ಯಾಪ್‌ಗೆ ಸಿಕ್ಕಿಸಿ, ಅದರ ಮರೆ (ಥ್ರೆಡ್) ಇರುವ ಲೋಹದ ಭಾಗ ಎಂಜಿನ್‌ನ ಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ಇಡಿ. ಪ್ಲಗ್ ತೂತಿನಿಂದ ದೂರ ಇರಲಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ಪ್ಲಗ್ಗನ್ನು ಬರಿಗೈಲಿ ಹಿಡಿಯಬೇಡಿ, ಹೊಡೆತ ಜೋರಾಗಿರುತ್ತದೆ. ಕ್ಯಾಪನ್ನು ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆಯುವುದೂ ಬೇಡ, ಕಾಯಿಲ್ ಮತ್ತು ಸಿಡಿಐ ಹಾಳಾಗಬಹುದು. ಈಗ ಕೀ ಆನ್ ಮಾಡಿ, ನೆರಳಿನಲ್ಲಿ ನಿಂತು ಕಿಕ್ ಹೊಡೆದು ನೋಡಿ. ಎರಡು ಪ್ಲಗ್ ಇರುವ ಬೈಕ್ ಆದರೆ ಎರಡನ್ನೂ ನೋಡಬೇಕು.

ನೀಲಿ ಬಣ್ಣದ, "ಚಟ್ ಚಟ್" ಎನ್ನುವ ಗಟ್ಟಿ ಕಿಡಿ ಬಂದರೆ ಈ ಭಾಗ ಬಹುಮಟ್ಟಿಗೆ ಸರಿ ಇದೆ, ಪೆಟ್ರೋಲ್ ಕಡೆ ಹೋಗಿ. ಸಣಕಲು, ಹಳದಿ ಕಿಡಿ ಬಂದರೆ ಸಮಾಧಾನ ಪಡಬೇಡಿ. ಹೊರಗೆ ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರ್ ಒಳಗಿನ ಒತ್ತಡದಲ್ಲಿ ಹಾರದೇ ಇರಬಹುದು.

ಕಿಡಿ ಇಲ್ಲದಿದ್ದರೆ ತುದಿಯಿಂದ ಬುಡದ ಕಡೆಗೆ ಹೋಗಿ. ಮೊದಲು ಚೆನ್ನಾಗಿರುವ ಇನ್ನೊಂದು ಪ್ಲಗ್ ಹಾಕಿ ನೋಡಿ. ಪೆಟ್ಟಿಗೆಯಲ್ಲಿ ಒಂದು ಸ್ಪೇರ್ ಪ್ಲಗ್ ಇಟ್ಟುಕೊಳ್ಳುವುದು ಇದಕ್ಕೇ. ಆಮೇಲೆ ಪ್ಲಗ್ ಕ್ಯಾಪ್. ಬಹಳ ಬೈಕ್‌ಗಳಲ್ಲಿ ಕ್ಯಾಪನ್ನು ವೈರ್‌ಗೆ ಸ್ಕ್ರೂನಂತೆ ತಿರುಗಿಸಿ ಕೂರಿಸಿರುತ್ತಾರೆ. ತಿರುಗಿಸಿ ಬಿಚ್ಚಿದರೆ ವೈರ್ ತುದಿ ಹಸಿರುಗಟ್ಟಿರುವುದು ಕಾಣಬಹುದು. ಆ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ, ಹೊಸ ತಾಮ್ರ ಕಂಡ ಮೇಲೆ ಮತ್ತೆ ತಿರುಗಿಸಿ ಹಾಕಿ. ಖರ್ಚೇ ಇಲ್ಲದ ರಿಪೇರಿ ಇದು, ಸಿಡಿಐ ಬದಲಿಸುವ ಮೊದಲು ಇದನ್ನು ಮಾಡಿಯೇ ತೀರಬೇಕು. ಕ್ಯಾಪ್ ಒಳಗೆ ಸಾಮಾನ್ಯವಾಗಿ 5 ಕಿಲೋ ಓಮ್‌ನ ರೆಸಿಸ್ಟರ್ ಇರುತ್ತದೆ. ಮೀಟರ್‌ನಲ್ಲಿ ಏನೂ ತೋರಿಸದಿದ್ದರೆ ಕ್ಯಾಪ್ ಹೋಗಿದೆ.

ಮಳೆಯಲ್ಲಿ ಯಾಕೆ ಇದೇ ಜಾಗ ಕೈಕೊಡುತ್ತದೆ? ಪ್ಲಗ್‌ಗೆ ಹೋಗುವ ವೋಲ್ಟೇಜ್ ಸಾವಿರಗಟ್ಟಲೆ ಇರುತ್ತದೆ. ಕ್ಯಾಪ್‌ನ ರಬ್ಬರ್ ಸ್ವಲ್ಪ ಬಿರುಕು ಬಿಟ್ಟಿದ್ದರೂ ಒಣ ದಿನಗಳಲ್ಲಿ ತೊಂದರೆಯಿಲ್ಲ. ಅದೇ ಬಿರುಕಿನಲ್ಲಿ ನೀರು, ಕೆಸರು ಸೇರಿದರೆ ಕರೆಂಟ್‌ಗೆ ಸುಲಭದ ದಾರಿ ಸಿಕ್ಕಂತಾಯಿತು. ಕಿಡಿ ಪ್ಲಗ್ ತುದಿಯಲ್ಲಿ ಹಾರುವ ಬದಲು ಪಕ್ಕದಿಂದ ಎಂಜಿನ್‌ಗೆ ಸೋರಿಹೋಗುತ್ತದೆ. ಕತ್ತಲಾದ ಮೇಲೆ ಪ್ಲಗ್ ಹಾಕಿಯೇ ಇಟ್ಟು, ಬೇರೊಬ್ಬರಿಂದ ಕಿಕ್ ಹೊಡೆಸಿ ನೋಡಿ. ಕ್ಯಾಪ್ ಸುತ್ತ, ವೈರ್ ಉದ್ದಕ್ಕೆ ನೀಲಿ ಬೆಳಕು ಓಡಾಡಿದರೆ ಸೋರಿಕೆ ಕಣ್ಣಿಗೇ ಕಾಣುತ್ತದೆ. ಸದ್ಯಕ್ಕೆ ಒಣ ಬಟ್ಟೆಯಿಂದ ಒರೆಸಿದರೆ ಸ್ಟಾರ್ಟ್ ಆಗಬಹುದು. ಆದರೆ ಹೊಸ ಕ್ಯಾಪ್ ಹಾಕುವುದೇ ಸರಿ, ಬೆಲೆಯೂ ಏನು ಜಾಸ್ತಿ ಇಲ್ಲ. ವಾಟರ್ ಸರ್ವಿಸ್ ಮಾಡಿಸಿಕೊಂಡು ಬಂದ ಕೂಡಲೇ ಬೈಕ್ ನಿಂತರೂ ಇಲ್ಲೇ ಮೊದಲು ನೋಡಿ.

ಇಷ್ಟಾದರೂ ಕಿಡಿ ಇಲ್ಲವಾದರೆ ಕಿಲ್ ಸ್ವಿಚ್ ಮತ್ತು ಕೀ ಲಾಕ್. ಹಳೆಯ 100 ಸಿಸಿ ಬೈಕ್‌ಗಳಲ್ಲಿ ಹೆಚ್ಚಾಗಿ ಎಸಿ ಸಿಡಿಐ ಇರುತ್ತದೆ. ಅದಕ್ಕೆ ಕರೆಂಟ್ ಬ್ಯಾಟರಿಯಿಂದ ಬರುವುದಿಲ್ಲ, ಮ್ಯಾಗ್ನೆಟ್‌ನ ಕಾಯಿಲ್‌ನಿಂದಲೇ ಬರುತ್ತದೆ. ಬ್ಯಾಟರಿ ಸತ್ತಿದ್ದರೂ ಇವು ಕಿಕ್‌ಗೆ ಸ್ಟಾರ್ಟ್ ಆಗುವುದು ಇದರಿಂದಲೇ. ಈ ಬೈಕ್‌ಗಳಲ್ಲಿ ಆಫ್ ಮಾಡುವುದೆಂದರೆ ಸಿಡಿಐನ ಒಂದು ವೈರನ್ನು ಬಾಡಿಗೆ ತಾಗಿಸುವುದು. ಲಾಕ್ ಒಳಗೆ ನೀರು ಹೋಗಿ ಆ ವೈರ್ ಸದಾ ಬಾಡಿಗೆ ತಾಗುತ್ತಿದ್ದರೆ ಕೀ ಆನ್ ಇದ್ದರೂ ಬೈಕ್‌ಗೆ ಅದು ಆಫ್ ಇದ್ದ ಹಾಗೇ. ಲಾಕ್‌ನ ಕಪ್ಲರ್ (ವೈರ್ ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್) ಬಿಚ್ಚಿ ಕಿಕ್ ಹೊಡೆದಾಗ ಕಿಡಿ ಬಂದರೆ ದೋಷ ಲಾಕ್‌ನಲ್ಲಿದೆ, ಸಿಡಿಐ ಚೆನ್ನಾಗಿದೆ. ಡಿಸಿ ಸಿಡಿಐ ಬೈಕ್‌ಗಳಲ್ಲಿ ಇದು ತಿರುಗುಮುರುಗು. ಅಲ್ಲಿ ಲಾಕ್ ಮೂಲಕ ಬ್ಯಾಟರಿ ಕರೆಂಟ್ ಸಿಡಿಐಗೆ ಹೋಗಬೇಕು, ಕಪ್ಲರ್ ಬಿಚ್ಚಿದರೆ ಕಿಡಿ ಬರುವುದೇ ಇಲ್ಲ. ನಿಮ್ಮ ಬೈಕ್ ಯಾವ ಬಗೆಯದು ಅಂತ ತಿಳಿದುಕೊಂಡೇ ಈ ಪರೀಕ್ಷೆ ಮಾಡಿ.

ಇದರ ಆಚೆಗೆ ಉಳಿಯುವುದು ಎಚ್‌ಟಿ ಕಾಯಿಲ್ (ಪ್ಲಗ್‌ಗೆ ಹೆಚ್ಚಿನ ವೋಲ್ಟೇಜ್ ಕೊಡುವುದು), ಪಲ್ಸರ್ ಕಾಯಿಲ್ (ಕಿಡಿಯ ಹೊತ್ತನ್ನು ಸಿಡಿಐಗೆ ತಿಳಿಸುವುದು, ಪಲ್ಸರ್ ಬೈಕ್‌ಗೆ ಸಂಬಂಧವಿಲ್ಲ), ಮ್ಯಾಗ್ನೆಟ್ ಕಾಯಿಲ್, ಸಿಡಿಐ. ಮೊದಲು ಇವುಗಳ ಕಪ್ಲರ್‌ಗಳನ್ನು ಒಂದೊಂದಾಗಿ ಬಿಚ್ಚಿ, ಹಸಿರುಗಟ್ಟಿದ್ದರೆ ಚೊಕ್ಕ ಮಾಡಿ, ಒಣಗಿಸಿ ಮತ್ತೆ ಒತ್ತಿ. ಕಾಯಿಲ್‌ಗಳ ಓಮ್ ಅಳತೆ ಬೈಕ್‌ನಿಂದ ಬೈಕ್‌ಗೆ ಬೇರೆ, ಆಯಾ ಬೈಕ್‌ನ ಸರ್ವಿಸ್ ಪುಸ್ತಕ ನೋಡಬೇಕು. ಸಿಡಿಐಗೆ ಮನೆಯಲ್ಲಿ ಮಾಡುವಂಥ ಪರೀಕ್ಷೆ ಇಲ್ಲ. ಅದೇ ಮಾಡೆಲ್‌ನ ಇನ್ನೊಂದು ಬೈಕ್‌ನದು ಹಾಕಿ ನೋಡುವುದೇ ದಾರಿ, ಅದೂ ಉಳಿದದ್ದೆಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ.

ಮೈಸೂರಿನಲ್ಲಿ 1996ರವರೆಗೆ ತಯಾರಾದ ಯೆಜ್ಡಿಯಂಥ ಗಾಡಿಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ನಮ್ಮಲ್ಲಿ ಇದ್ದಾರೆ. ಅವರಿಗೆ ಸಿಡಿಐ ಬದಲು ಪಾಯಿಂಟ್ (ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್). ತೇವದಿಂದ ಪಾಯಿಂಟ್ ಮೇಲೆ ಪೊರೆ ಕಟ್ಟಿದರೆ ಕಿಡಿ ಮಾಯ. ನಯವಾದ ಎಮರಿ ಪೇಪರ್‌ನಲ್ಲಿ ಒಮ್ಮೆ ಉಜ್ಜಿ, ಚೊಕ್ಕ ಬಟ್ಟೆಯಿಂದ ಒರೆಸಿ. ಪಾಯಿಂಟ್‌ನಲ್ಲೇ ದೊಡ್ಡ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ನೋಡಿ.

ಪ್ಲಗ್ ಕೈಯಲ್ಲಿರುವಾಗಲೇ ಅದರ ತುದಿಯನ್ನೂ ಸರಿಯಾಗಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಎಂಜಿನ್ ಚೆನ್ನಾಗಿ ಉರಿಯುತ್ತಿತ್ತು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು ಅಥವಾ ಚೋಕ್ ಅರ್ಧ ಎಳೆದೇ ಓಡಿಸಿರಬಹುದು. ಎಣ್ಣೆ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಪೆಟ್ರೋಲ್‌ನಿಂದ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಪೂರ್ತಿ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಮುಂದಿನ ದಾರಿಯನ್ನು ಪ್ಲಗ್ಗೇ ಹೇಳಿಕೊಡುತ್ತದೆ. ತುದಿಯ ಗ್ಯಾಪ್ ಇಂಥ ಬೈಕ್‌ಗಳಲ್ಲಿ ಸಾಮಾನ್ಯವಾಗಿ 0.6ರಿಂದ 0.9 ಮಿ.ಮೀ. ಒಳಗೆ. ನಿಮ್ಮ ಬೈಕ್‌ನ ಅಳತೆ ಓನರ್ಸ್ ಪುಸ್ತಕದಲ್ಲಿರುತ್ತದೆ. ತಿರುಗಿ ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ ಪೂರ್ತಿ ಕೂರಿಸಿ. ಆಮೇಲೆ ಪಾನದಲ್ಲಿ, ಹೊಸ ಪ್ಲಗ್ ಆದರೆ ಸುಮಾರು ಅರ್ಧ ಸುತ್ತು, ಹಳೆಯದಾದರೆ ಅದಕ್ಕಿಂತ ಕಡಿಮೆ. ಎಂಜಿನ್ ಹೆಡ್ ಅಲ್ಯೂಮಿನಿಯಂನದು. ಮರೆ ಹೋದರೆ ಖರ್ಚು ದೊಡ್ಡದು.

ಪೆಟ್ರೋಲ್ ಬರುತ್ತಿದೆಯಾ, ಬರುತ್ತಿರುವುದು ಪೆಟ್ರೋಲೇನಾ

ಈ ಕೆಲಸ ಬಯಲಿನಲ್ಲಿ, ಎಂಜಿನ್ ತಣ್ಣಗಿರುವಾಗ ಮಾಡಿ. ಬೀಡಿ, ಸಿಗರೇಟು, ಒಲೆ ಯಾವುದೂ ಹತ್ತಿರ ಇರಬಾರದು.

ಮೊದಲು ಓವರ್ ಫ್ಲೋ ವಿಷಯ ಮುಗಿಸೋಣ. ಪೆಟ್ರೋಲ್ ವಾಸನೆ ಗಾಢವಾಗಿದೆ, ಪ್ಲಗ್ ಒದ್ದೆ ಎಂದಾದರೆ ಸಿಲಿಂಡರ್ ಒಳಗೆ ಪೆಟ್ರೋಲ್ ಜಾಸ್ತಿಯಾಗಿದೆ. ಚೋಕ್ ತೆಗೆಯಿರಿ, ಕಾಕ್ ಆಫ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಹಲವು ಸಲ ಕಿಕ್ ಹೊಡೆಯಿರಿ. ಗಾಳಿ ಹೋಗಿ ಒಳಗೆ ಒಣಗುತ್ತದೆ. ಪ್ಲಗ್ ಬಿಚ್ಚಿ ಒರೆಸಿ ಹಾಕಿದರೆ ಇನ್ನೂ ಒಳ್ಳೆಯದು. ಪ್ರತಿ ಸಲವೂ ಓವರ್ ಫ್ಲೋ ಆಗುತ್ತಿದ್ದರೆ ಕಾರ್ಬೊರೇಟರ್‌ನ ನೀಡಲ್ (ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಸೂಜಿ) ಸರಿಯಾಗಿ ಮುಚ್ಚುತ್ತಿಲ್ಲ. ಬೌಲ್ ಎಂದರೆ ಕಾರ್ಬೊರೇಟರ್ ತಳದ ಪೆಟ್ರೋಲ್ ಬಟ್ಟಲು. ಬೌಲ್ ಮೇಲೆ ಸ್ಕ್ರೂ ಡ್ರೈವರ್‌ನ ಹಿಡಿಯಿಂದ ಮೆತ್ತಗೆ ತಟ್ಟಿದರೆ ಸಿಕ್ಕಿದ್ದ ಕಸ ಸರಿದು ನೀಡಲ್ ಕೂರುವುದುಂಟು.

ಪ್ಲಗ್ ಒಣಗಿದ್ದರೆ ಪೆಟ್ರೋಲ್ ಎಲ್ಲಿ ನಿಂತಿದೆ ನೋಡಬೇಕು. ಕಾರ್ಬೊರೇಟರ್ ಬೌಲ್‌ನ ಕೆಳಗೆ ಒಂದು ಡ್ರೈನ್ ಸ್ಕ್ರೂ ಇರುತ್ತದೆ. ಅದರ ಪೈಪ್ ಕೆಳಗೆ ಗಾಜಿನ ಬಾಟಲಿ ಹಿಡಿದು ಸ್ಕ್ರೂ ಸಡಿಲ ಮಾಡಿ. ಕಾಕ್ ಆನ್ ಇದ್ದರೆ ಬೌಲ್‌ನಲ್ಲಿ ಇದ್ದದ್ದು ಬಂದ ಮೇಲೂ ಧಾರೆ ನಿಲ್ಲದೆ ಬರಬೇಕು. ಸ್ವಲ್ಪ ಬಂದು ನಿಂತರೆ ಟ್ಯಾಂಕ್ ಮುಚ್ಚಳ ತೆರೆದು ನೋಡಿ. ತೆರೆದ ಕೂಡಲೇ ಧಾರೆ ಮತ್ತೆ ಶುರುವಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಹೊರಗಿನ ಗಾಳಿ ಒಳಗೆ ಹೋಗದೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ. ಮುಚ್ಚಳ ತೆರೆದರೂ ಬರದಿದ್ದರೆ ಕಾಕ್‌ನ ಜಾಲರಿ, ಪೈಪ್ ಅಥವಾ ಕಾರ್ಬೊರೇಟರ್‌ನ ನೀಡಲ್ ಜಾಗ ಕಟ್ಟಿದೆ. ಪೈಪನ್ನು ಕಾರ್ಬೊರೇಟರ್ ಕಡೆಯಿಂದ ಕಿತ್ತು ನೋಡಿದರೆ ಯಾವುದು ಅಂತ ತಿಳಿಯುತ್ತದೆ. ಕೆಲವು ಬೈಕ್‌ಗಳ ಕಾಕ್ ಎಂಜಿನ್ ಎಳೆತಕ್ಕೆ ಮಾತ್ರ ತೆರೆಯುತ್ತದೆ, ಅವುಗಳಲ್ಲಿ ಕಿಕ್ ಹೊಡೆಯದೆ ಧಾರೆ ಬರುವುದಿಲ್ಲ. ಗಾಬರಿ ಬೇಡ.

ಇನ್ನು ಬಾಟಲಿಯನ್ನು ಅಲ್ಲಾಡಿಸದೆ ಒಂದು ಕಡೆ ಇಡಿ. ಸ್ವಲ್ಪ ಹೊತ್ತಿನಲ್ಲಿ ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಮಲೆನಾಡಿನ ಮಳೆಯಲ್ಲಿ ಇದು ತುಂಬ ಆಗುವಂಥದ್ದು. ಮುಚ್ಚಳದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಕೆಲವು ಬೈಕ್‌ಗಳಲ್ಲಿ ಮುಚ್ಚಳದ ಸುತ್ತಲಿನ ನೀರು ಹರಿದುಹೋಗಲು ಸಣ್ಣ ತೂತು ಇರುತ್ತದೆ. ಅದು ಕಟ್ಟಿದರೆ ನೀರು ಅಲ್ಲೇ ನಿಂತು ರಾತ್ರಿಯಿಡೀ ಟ್ಯಾಂಕ್ ಒಳಗೆ ಇಳಿಯುತ್ತದೆ. ಈಗಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್‌ವರೆಗೆ ಎಥನಾಲ್ ಇರುವುದರಿಂದ ಇನ್ನೊಂದು ತೊಡಕು ಸೇರಿಕೊಂಡಿದೆ. ಎಥನಾಲ್ ಸ್ವಲ್ಪ ನೀರನ್ನು ತನ್ನೊಳಗೆ ಹೀರಿಕೊಳ್ಳುತ್ತದೆ. ಅಲ್ಲಿಯವರೆಗೆ ಏನೂ ಗೊತ್ತಾಗುವುದಿಲ್ಲ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಿಗೆ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಕಾರ್ಬೊರೇಟರ್‌ಗೆ ಕಾಕ್ ರಿಸರ್ವ್‌ನಲ್ಲಿದ್ದಾಗ ಮೊದಲು ಹೋಗುವುದು ಆ ತಳದ್ದೇ.

ಇದಕ್ಕೆ ಒಂದು ಒಳ್ಳೆಯ ಸುಳಿವಿದೆ. ಕಾಕ್ ಆನ್‌ನಲ್ಲಿದ್ದಾಗ ಪೆಟ್ರೋಲ್ ಬರುವುದು ಟ್ಯಾಂಕ್ ಒಳಗಿನ ಎತ್ತರದ ನಳಿಕೆಯಿಂದ. ರಿಸರ್ವ್‌ನಲ್ಲಿ ಬರುವುದು ತಳದಿಂದ. ಆನ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಬೈಕ್ ರಿಸರ್ವ್‌ಗೆ ಹಾಕಿದ ಸ್ವಲ್ಪ ಹೊತ್ತಿಗೇ ಮಿಸ್ ಹೊಡೆದು ನಿಂತರೆ ತಳದಲ್ಲಿ ನೀರಿದೆ ಎಂದೇ ತಿಳಿಯಿರಿ. ಬೌಲ್ ಮಾತ್ರ ಖಾಲಿ ಮಾಡಿದರೆ ಸಾಲದು. ಟ್ಯಾಂಕನ್ನೂ ಪೂರ್ತಿ ಇಳಿಸಿ, ಒಣಗಿಸಿ, ಮುಚ್ಚಳದ ರಬ್ಬರ್ ಬದಲಿಸಬೇಕು. ಇಲ್ಲದಿದ್ದರೆ ಎರಡು ದಿನಕ್ಕೆ ಮತ್ತೆ ಅದೇ ಕಥೆ.

ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತದೆ, ಚೋಕ್ ತೆಗೆದರೆ ನಿಲ್ಲುತ್ತದೆ ಎಂದರೆ ಹೆಚ್ಚಾಗಿ ಸ್ಲೋ ಜೆಟ್ (ಕಾರ್ಬೊರೇಟರ್ ಒಳಗೆ ನಿಧಾನ ಓಟಕ್ಕೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಭಾಗ) ಕಟ್ಟಿರುತ್ತದೆ. ತಿಂಗಳುಗಟ್ಟಲೆ ನಿಂತಿದ್ದ ಬೈಕ್‌ನಲ್ಲಿ ಇದು ಸಾಮಾನ್ಯ. ಪೆಟ್ರೋಲ್ ಆರಿಹೋಗಿ ಅಂಟು ಉಳಿಯುತ್ತದೆ. ಜೆಟ್ ಬಿಚ್ಚಿ ಕಾರ್ಬೊರೇಟರ್ ಕ್ಲೀನರ್ ಹೊಡೆದು ಗಾಳಿ ಊದಿ. ತೀರ ಬಿಡದಿದ್ದರೆ ತಾಮ್ರದ ವೈರ್‌ನ ಒಂದೇ ಎಳೆ ಹಾಕಿ. ಸೂಜಿ, ಸ್ಟೀಲ್ ತಂತಿ ಬೇಡ. ಜೆಟ್ ಹಿತ್ತಾಳೆಯದು, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಮೈಲೇಜ್ ಹಾಳು.

ಗಾಳಿ ದಾರಿಯನ್ನೂ ಮರೆಯಬೇಡಿ. ಏರ್ ಫಿಲ್ಟರ್ ಒದ್ದೆಯಾಗಿ ಮುದ್ದೆಯಾಗಿದ್ದರೆ ಎಂಜಿನ್‌ಗೆ ಉಸಿರಾಡಲು ಆಗುವುದಿಲ್ಲ. ಕಾಗದದ ಫಿಲ್ಟರ್ ಒದ್ದೆಯಾದರೆ ಬದಲಿಸಿ, ತೊಳೆಯಬೇಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಬೈಕ್‌ನ ಸಣ್ಣ ಪೈಪ್‌ಗಳೆಂದರೆ ಬಹಳ ಇಷ್ಟ. ಬಹಳ ದಿನ ನಿಂತ ಬೈಕ್ ಆದರೆ ಗಾಳಿ ಪೈಪ್‌ಗಳ ತುದಿಯನ್ನೂ ಸೈಲೆನ್ಸರ್ ಬಾಯನ್ನೂ ಟಾರ್ಚ್ ಹಿಡಿದು ನೋಡಿ.

ಬಿಸಿಯಾದಾಗ ನಿಲ್ಲುವ, ತಣ್ಣಗಾದರೆ ಓಡುವ ಬೈಕ್

ಮೆಕ್ಯಾನಿಕ್‌ಗಳಿಗೆ ಜಾಸ್ತಿ ಕಾಟ ಕೊಡುವ ದೋಷ ಇದು. ಬೈಕ್ ಹತ್ತಿಪ್ಪತ್ತು ಕಿಲೋಮೀಟರ್ ಓಡಿ ನಿಲ್ಲುತ್ತದೆ. ಕಾಲು ಗಂಟೆ ಬಿಟ್ಟು ಕಿಕ್ ಹೊಡೆದರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜ್ ಮುಟ್ಟುವ ಹೊತ್ತಿಗೆ ದೋಷ ಮಾಯ. ಹಾಗಾಗಿ ನಿಂತ ಜಾಗದಲ್ಲಿ, ನಿಂತ ಕೂಡಲೇ ನೋಡಬೇಕು. ಮೊದಲು ಟ್ಯಾಂಕ್ ಮುಚ್ಚಳ ತೆರೆಯಿರಿ. "ಸುಸ್" ಎಂದು ಗಾಳಿ ಒಳಗೆ ಹೋದ ಸದ್ದು ಬಂದು, ಸ್ವಲ್ಪ ಹೊತ್ತಿನಲ್ಲೇ ಬೈಕ್ ಸ್ಟಾರ್ಟ್ ಆದರೆ ಮುಚ್ಚಳದ ತೂತೇ ಕಾರಣ. ಹಾಗಾಗದಿದ್ದರೆ ಎಂಜಿನ್ ಬಿಸಿ ಇರುವಾಗಲೇ ಸ್ಪೇರ್ ಪ್ಲಗ್ಗನ್ನು ಕ್ಯಾಪ್‌ಗೆ ಸಿಕ್ಕಿಸಿ ಕಿಡಿ ನೋಡಿ. ಒಳಗಿನ ಪ್ಲಗ್ ಬಿಚ್ಚಲು ಹೋಗಬೇಡಿ, ಕೈ ಸುಡುತ್ತದೆ. ಕಿಡಿ ಇಲ್ಲವಾದರೆ ಪಲ್ಸರ್ ಕಾಯಿಲ್, ಎಚ್‌ಟಿ ಕಾಯಿಲ್ ಅಥವಾ ಸಿಡಿಐ ಬಿಸಿಗೆ ಕೈಕೊಡುತ್ತಿದೆ. ಕಾಯಿಲ್ ಒಳಗಿನ ಸಣ್ಣ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ತಣ್ಣಗಿದ್ದಾಗ ಮೀಟರ್‌ನಲ್ಲಿ ಅಳೆದರೆ ಎಲ್ಲ ಸರಿ ಎಂದೇ ತೋರಿಸುತ್ತದೆ. ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಬಿಸಿಯಲ್ಲಿ ಸ್ಟಾರ್ಟ್ ಆಗುವುದಿಲ್ಲ ಎಂದಾದರೆ ಟ್ಯಾಪೆಟ್ (ವಾಲ್ವ್ ಮೇಲೆ ಬಿಡುವ ಸಣ್ಣ ಸಂದು) ಬಿಗಿಯಾಗಿದೆಯಾ ನೋಡಿಸಿ. ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚದೆ ಒತ್ತಡ ಸೋರುತ್ತಿರಬಹುದು.

ಇಂಜೆಕ್ಷನ್ ಬೈಕ್ ಆದರೆ

ಇವುಗಳಲ್ಲಿ ಬ್ಯಾಟರಿಯೇ ಜೀವ. ಪೆಟ್ರೋಲ್ ಪಂಪ್, ಇಂಜೆಕ್ಟರ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಲ್ಲಕ್ಕೂ ಕರೆಂಟ್ ಬೇಕು. ಪೂರ್ತಿ ಸತ್ತ ಬ್ಯಾಟರಿ ಇಟ್ಟುಕೊಂಡು ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡುವ ಹಳೆಯ ಉಪಾಯ ಬಹುತೇಕ ನಡೆಯುವುದಿಲ್ಲ. ಕೀ ಆನ್ ಮಾಡಿದಾಗ ಟ್ಯಾಂಕ್ ಕಡೆಯಿಂದ ಎರಡು ಮೂರು ಸೆಕೆಂಡ್ "ಝೂಂ" ಎಂಬ ಸಣ್ಣ ಸದ್ದು ಬರಬೇಕು. ಅದು ಪಂಪ್. ಸದ್ದಿಲ್ಲದಿದ್ದರೆ ಪಂಪ್‌ನ ಫ್ಯೂಸ್, ರಿಲೇ, ಕಪ್ಲರ್ ನೋಡಿ. ಎಂಜಿನ್ ಚಿತ್ರದ ಹಳದಿ ದೀಪ ಕೀ ಆನ್ ಮಾಡಿದಾಗ ಬರಲೇಬೇಕು, ಎಂಜಿನ್ ಓಡಿದ ಮೇಲೆ ಆರಬೇಕು. ಆರದೆ ಉಳಿದರೆ ಇಸಿಯು ಏನೋ ದೋಷ ಬರೆದಿಟ್ಟುಕೊಂಡಿದೆ, ಸ್ಕ್ಯಾನರ್ ಹಾಕಿಸಿ ಓದಿಸಬೇಕು. ಬೈಕ್ ಬಿದ್ದ ಮೇಲೆ ಸ್ಟಾರ್ಟ್ ಆಗುತ್ತಿಲ್ಲವಾದರೆ ಹೆದರಬೇಡಿ. ಬಹಳ ಬೈಕ್‌ಗಳಲ್ಲಿ ವಾಲಿದ್ದನ್ನು ಗುರುತಿಸಿ ಎಂಜಿನ್ ನಿಲ್ಲಿಸುವ ಸೆನ್ಸರ್ ಇದೆ. ನೆಟ್ಟಗೆ ನಿಲ್ಲಿಸಿ, ಪೆಟ್ರೋಲ್ ಸೋರುತ್ತಿಲ್ಲವೆಂದು ನೋಡಿಕೊಂಡು, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ.

ಕಾರ್‌ನ 12 ವೋಲ್ಟ್ ಬ್ಯಾಟರಿಯಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡುವುದಾದರೆ ಕಾರ್ ಎಂಜಿನ್ ಆಫ್ ಇರಲಿ, ಪ್ಲಸ್ ಮೈನಸ್ ಅದಲುಬದಲಾಗದಿರಲಿ.

ಬೈಕ್ ನೀರಿನಲ್ಲಿ ಮುಳುಗಿದ್ದರೆ

ಅಂಡರ್‌ಪಾಸ್‌ನಲ್ಲೋ ಉಕ್ಕಿದ ಹಳ್ಳದಲ್ಲೋ ಬೈಕ್ ಮುಳುಗಿ ನಿಂತರೆ ಕಿಕ್ ಹೊಡೆಯಬೇಡಿ, ಸೆಲ್ಫ್ ಮುಟ್ಟಲೇಬೇಡಿ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಸಿಲಿಂಡರ್‌ನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಮೊದಲು ಪ್ಲಗ್ ಬಿಚ್ಚಿ. ಕೀ ಆಫ್ ಇಟ್ಟು ನಿಧಾನವಾಗಿ ಕಿಕ್ ಒತ್ತಿದರೆ ನೀರು ಪ್ಲಗ್ ತೂತಿನಿಂದ ಹೊರಗೆ ಬರುತ್ತದೆ. ಕಾರ್ಬೊರೇಟರ್ ಬೌಲ್, ಏರ್ ಫಿಲ್ಟರ್ ಡಬ್ಬಿ, ಸೈಲೆನ್ಸರ್ ಎಲ್ಲ ಖಾಲಿ ಮಾಡಿ. ಎಂಜಿನ್ ಆಯಿಲ್ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ. ಆ ಆಯಿಲ್‌ನಲ್ಲಿ ಒಂದು ಕಿಲೋಮೀಟರ್ ಕೂಡ ಓಡಿಸಬಾರದು. ಬದಲಿಸಿ, ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ಮತ್ತೊಮ್ಮೆ ಬದಲಿಸಬೇಕಾಗುತ್ತದೆ.

ಒತ್ತಡ, ಮತ್ತು ಗ್ಯಾರೇಜ್‌ಗೆ ಹೋಗುವುದಾದರೆ

ಕಿಡಿ ಇದೆ, ಒಳ್ಳೆಯ ಪೆಟ್ರೋಲ್ ಇದೆ, ಗಾಳಿ ದಾರಿ ಚೊಕ್ಕ ಇದೆ, ಆದರೂ ಆಗುವುದಿಲ್ಲ ಎಂದರೆ ಉಳಿದದ್ದು ಒತ್ತಡ. ಕಿಕ್ಕರ್ ಯಾವ ತಡೆಯೂ ಇಲ್ಲದೆ ಸರ್ರನೆ ಇಳಿದರೆ ಅನುಮಾನ ಪಡಿ. ಎಂಜಿನ್ ತಣ್ಣಗಿರುವಾಗ ಪ್ಲಗ್ ಬಿಚ್ಚಿ, ಕೀ ಆಫ್ ಇಟ್ಟು, ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಕಿಕ್ ಹೊಡೆಸಿ. ಬೆರಳನ್ನು ತಳ್ಳುವಷ್ಟು ಗಾಳಿ ಬರಬೇಕು. ಬಾರದಿದ್ದರೆ ಟ್ಯಾಪೆಟ್, ವಾಲ್ವ್ ಅಥವಾ ರಿಂಗ್. ಇದಕ್ಕೆ ಎಂಜಿನ್ ಬಿಚ್ಚಬೇಕಾಗಬಹುದು, ಮನೆಯಲ್ಲಿ ಮುಂದುವರಿಯಬೇಡಿ.

ಗ್ಯಾರೇಜ್‌ಗೆ ಒಯ್ದಾಗ "ಸ್ಟಾರ್ಟ್ ಆಗ್ತಿಲ್ಲ ಅಣ್ಣ" ಎಂದಷ್ಟೇ ಹೇಳಿ ಕೀ ಕೊಟ್ಟು ಬರಬೇಡಿ. "ಕರೆಂಟ್ ಬರ್ತಿದೆ, ಕಿಡಿ ನೀಲಿ ಇದೆ. ಬೌಲ್‌ನಲ್ಲಿ ಪೆಟ್ರೋಲ್ ಇದೆ, ನೀರಿಲ್ಲ. ಪ್ಲಗ್ ಒಣಗಿತ್ತು. ಚೋಕ್ ಹಾಕಿದ್ರೆ ಒಂದು ಸಲ ಹಿಡಿದು ನಿಲ್ಲುತ್ತೆ" ಎಂದು ಕಂಡದ್ದನ್ನು ಕಂಡ ಹಾಗೆ ಹೇಳಿ. ಇಷ್ಟು ಗೊತ್ತಾದರೆ ಒಳ್ಳೆಯ ಮೆಕ್ಯಾನಿಕ್ ನೇರ ಸ್ಲೋ ಜೆಟ್‌ಗೆ ಕೈ ಹಾಕುತ್ತಾನೆ. ಯಾವುದಾದರೂ ಸಾಮಾನು ಬದಲಿಸಿದರೆ ಹಳೆಯದನ್ನು ಕೇಳಿ ವಾಪಸ್ ತನ್ನಿ. ಹಳೆಯ ಪ್ಲಗ್ ಕ್ಯಾಪ್, ಸಿಡಿಐ ಇನ್ನೂ ಕೆಲಸ ಮಾಡುವಂತಿದ್ದರೆ ಮುಂದಿನ ಸಲ ಹಾಕಿ ನೋಡಲು ಅವೇ ಬೇಕಾಗುತ್ತವೆ.